ಕುದುರೆಮುಖಕ್ಕೆ ಎರಡು ಪ್ರವಾಸ

1984ರಲ್ಲಿ ನಾವು ಹತ್ತನೇ ತರಗತಿಯಲ್ಲಿದ್ದಾಗ ಸಮಾಜದ ಮಾಸ್ಟ್ರು ನಮ್ಮನ್ನು ಕುದುರೆಮುಖಕ್ಕೆ ಕರೆದುಕೊಂಡು ಹೋದರು. ಬಜಗೋಳಿ ದಾಟಿ ಬಸ್ಸು ಘಾಟಿ ಹತ್ತಿತು. ಅಂದು ನೋಡಲು ಹೋದದ್ದು ಕಾಡನ್ನಲ್ಲ, ಗಣಿಯನ್ನು.

ಇರಾನಿಗೆ ಅದಿರು ಕಳುಹಿಸಲು 1975ರಲ್ಲಿ ಒಪ್ಪಂದವಾಗಿ ಮರುವರ್ಷ ಕಂಪೆನಿ ಸ್ಥಾಪನೆಯಾಗಿತ್ತು. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿದರೂ ಕೆಲಸ ನಿಲ್ಲಲಿಲ್ಲ. ಪುಡಿ ಮಾಡಿದ ಅದಿರು ನೀರಿನೊಂದಿಗೆ 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಯುತ್ತಿತ್ತು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿತ್ತು. ನನ್ನ ಸೋದರಮಾವನಿಗೆ ಅಲ್ಲೇ ನೌಕರಿ. ನಾನೂ ಮುಂದೆ ಅಲ್ಲೇ ಸೇರಬೇಕೆಂದು ಆಸೆಪಟ್ಟಿದ್ದೆ.

1987ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಮಾವ ಮನೆಸಾಮಾನು ಲಾರಿಗೆ ಹೇರಿ ಊರಿಗೆ ಮರಳಿದರು. ಕಾಡಿನ ಮಾತೆತ್ತಿದರೆ ಬಹಳ ವರ್ಷ ಸಿಡುಕುತ್ತಿದ್ದರು.

ಕಳೆದ ವರ್ಷ ಅವರನ್ನೇ ಕರೆದುಕೊಂಡು ಮತ್ತೆ ಹೋದೆ. ಖಾಲಿ ಬಿದ್ದ ಕ್ವಾರ್ಟರ್ಸ್‌ನಲ್ಲಿ ತಾವಿದ್ದ ಮನೆಯನ್ನು ಹುಡುಕಿ ತೋರಿಸಿದರು. ಬಾಗಿಲ ಮುಂದೆ ಹುಲ್ಲು ಸೊಂಟದುದ್ದ ಬೆಳೆದಿತ್ತು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲ ಇದೇ ಉದ್ಯಾನದಲ್ಲಿದೆ; ಮಂಗಳೂರು ನಗರ ಕುಡಿಯುವುದು ನೇತ್ರಾವತಿಯ ನೀರನ್ನೇ. ದಾರಿಯಲ್ಲಿ ಅದನ್ನು ಹೇಳಿದಾಗ ಮಾವ ಸಿಡುಕಲಿಲ್ಲ. "ಹೊಳೆ ಈಗ ತಿಳಿಯಾಗಿದೆ ಮಾರಾಯ" ಎಂದರಷ್ಟೆ.

ನಮ್ಮ ಶಾಲೆಯ ಇಂದಿನ ಶಿಕ್ಷಕರಲ್ಲಿ ಒಂದು ವಿನಂತಿ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಕಾಡಿನ ಜೊತೆಗೆ ಆ ಖಾಲಿ ಮನೆಗಳನ್ನೂ ತೋರಿಸಿ. ಎರಡೂ ನಮ್ಮ ಚರಿತ್ರೆಯೇ.