ಕೆಸರು ಹೊಳೆಯ ಚರಿತ್ರೆ

ತೈವಾನ್ ದ್ವೀಪದ ಅತಿ ಉದ್ದದ ನದಿಗೆ ಝುವೋಷುಯಿ ಎಂದು ಹೆಸರು. ಚೀನೀ ಭಾಷೆಯಲ್ಲಿ ಇದರ ಅರ್ಥ 'ಕೆಸರು ನೀರು'. ಉದ್ದ 186 ಕಿಲೋಮೀಟರು. ನಮ್ಮ ಕಾವೇರಿಯ ಕಾಲುಭಾಗವೂ ಆಗದು. ಹೆಸರಿಟ್ಟ ಹಿಂದಿನವರು ಹೊಳೆಯ ಗುಣವನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಆ ಕೆಸರಿನ ಬೆಲೆ ವಿದ್ವಾಂಸರಿಗೆ ತಿಳಿದದ್ದು ಮಾತ್ರ ತೀರ ಈಚೆಗೆ.

ಕಡಲಿಗೆ ಹೂಳು ಹೊರುವ ನದಿಗಳೆಂದರೆ ಗಂಗೆ, ಅಮೆಜಾನ್‌ಗಳಂಥ ಮಹಾನದಿಗಳೇ ಎಂಬ ಭಾವನೆ ಬಹುಕಾಲ ಬಲವಾಗಿತ್ತು. 1992ರಲ್ಲಿ ಮಿಲ್ಲಿಮನ್ ಮತ್ತು ಸಿವಿಟ್‌ಸ್ಕಿ ಎಂಬವರು 280 ನದಿಗಳ ಲೆಕ್ಕ ತೆಗೆದು, ಬೆಟ್ಟದ ಕಿರುನದಿಗಳ ಪಾಲನ್ನು ನಾವು ಮರೆತಿದ್ದೇವೆ ಎಂದು ತೋರಿಸಿದರು. ತೈವಾನ್ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಭೂಫಲಕಗಳು ಒಂದನ್ನೊಂದು ಒತ್ತುವುದರಿಂದ ಬೆಟ್ಟಗಳು ಇನ್ನೂ ಬೆಳೆಯುತ್ತಿವೆ. ಯುಷಾನ್ ಶಿಖರದ ಎತ್ತರ 3,952 ಮೀಟರು. ಭೂಕಂಪ ಸಡಿಲಿಸಿದ ಮಣ್ಣನ್ನು ಚಂಡಮಾರುತದ ಮಳೆ ಕೊಚ್ಚಿ ತರುತ್ತದೆ. 1970ರಿಂದ 1999ರವರೆಗೆ ಆ ಪುಟ್ಟ ದ್ವೀಪದಿಂದ ವರ್ಷಕ್ಕೆ ಸರಾಸರಿ 38 ಕೋಟಿ ಟನ್ ಹೂಳು ಕಡಲು ಸೇರಿತು.

ಹೂಳಿನೊಡನೆ ಎಲೆ, ಬೇರು, ಮರವೂ ಹೋಗುತ್ತವೆ. ಇವೆಲ್ಲ ಗಿಡಮರಗಳು ಗಾಳಿಯಿಂದ ಹೀರಿಕೊಂಡ ಇಂಗಾಲವೇ. ನೆಲದ ಮೇಲೆ ಕೊಳೆತರೆ ಅದು ಮತ್ತೆ ಗಾಳಿಗೆ ಸೇರುತ್ತದೆ. ಕೊಳೆಯುವ ಮುನ್ನ ಕಡಲ ತಳದ ಹೂಳಿನಡಿ ಹುದುಗಿದರೆ ಲಕ್ಷಾಂತರ ವರ್ಷ ಅಲ್ಲಿಯೇ ಉಳಿಯಬಹುದು. ಬೆಟ್ಟದ ನದಿಗೆ ದಾರಿ ಗಿಡ್ಡ, ಕೊಳೆಯಲು ಬಿಡುವಿಲ್ಲ. ಲೀಟರಿಗೆ ಸುಮಾರು 40 ಗ್ರಾಮಿಗಿಂತ ಹೆಚ್ಚು ಮಣ್ಣು ಬೆರೆತರೆ ಹೊಳೆಯ ನೀರು ಕಡಲ ನೀರಿಗಿಂತ ಭಾರವಾಗಿ ನೇರವಾಗಿ ತಳಕ್ಕಿಳಿಯುತ್ತದೆ. ತಾರೋಕೋ ಕಮರಿಯ ಲಿವು ನದಿ ಸಾಗಿಸುವ ಕಾಡಿನ ಇಂಗಾಲದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಚಂಡಮಾರುತದ ಪ್ರವಾಹಗಳಲ್ಲೇ ಹೋಗುತ್ತದೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಹಿಮಾಲಯದ ಹೂಳು ಬಂಗಾಳ ಕೊಲ್ಲಿಯಲ್ಲಿ ಇಂಗಾಲವನ್ನು ಹೀಗೆಯೇ ಕಾಪಿಡುವುದೆಂಬುದು ಅದರ ಹಿಂದಿನ ವರ್ಷವೇ ಬೆಳಕಿಗೆ ಬಂದಿತ್ತು.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮುಖವುಂಟು. 2009ರ ಆಗಸ್ಟಿನಲ್ಲಿ ಮೊರಾಕೋಟ್ ಚಂಡಮಾರುತ ಅಲಿಷಾನ್ ಬೆಟ್ಟದ ಮೇಲೆ ಕೆಲವೇ ದಿನಗಳಲ್ಲಿ ಮೂರು ಮೀಟರಿನ ಸಮೀಪಕ್ಕೆ ಮಳೆ ಸುರಿಸಿತು. ಲಕ್ಷಾಂತರ ಟನ್ ಮರ ತೇಲಿಬಂದು ಕರಾವಳಿಯನ್ನು ತುಂಬಿತು. ಆಗಸ್ಟ್ 9ರ ಬೆಳಿಗ್ಗೆ ಷಿಯಾವೋಲಿನ್ ಎಂಬ ಹಳ್ಳಿಯ ಮೇಲೆ ಗುಡ್ಡ ಕುಸಿದು ಸುಮಾರು ಐದುನೂರು ಜನ ಮಣ್ಣುಪಾಲಾದರು.

ನಿಸರ್ಗದ ಈ ಉಳಿತಾಯವನ್ನು ನೆಚ್ಚಿ ನಾವು ನಿಶ್ಚಿಂತರಾಗುವಂತಿಲ್ಲ. ವರ್ಷವೊಂದರಲ್ಲಿ ನಾವು ಸುಡುವ ಇಂಗಾಲದ ಮುಂದೆ ಜಗತ್ತಿನ ನದಿಗಳೆಲ್ಲ ಸೇರಿ ಹೂಳುವುದು ಅತ್ಯಲ್ಪ. ನಮ್ಮ ಸಾಲವನ್ನು ಹೊಳೆ ತೀರಿಸಲಾರದು. ಅದು ಕಟ್ಟುವ ಅಲ್ಪಸ್ವಲ್ಪ ಕಂತಿಗೂ ಬೆಟ್ಟದ ತಪ್ಪಲಿನ ಜನ ಬೆಲೆ ತೆರುತ್ತಾರೆ.