ಐವರು ಹುಡುಗಿಯರ ಪಿಂಗ್‌ಪಾಂಗ್ ಸಂಘ

ಹೈಸ್ಕೂಲಿನ ಸಂಘಗಳು ಇತಿಹಾಸದ ಪುಸ್ತಕಗಳಲ್ಲಿ ಜಾಗ ಪಡೆಯುವುದು ಅಪರೂಪ. ಊರಿನಲ್ಲಿ ಓದುವಾಗ ನಮ್ಮಲ್ಲಿ ಬಹಳಷ್ಟು ಜನ ಶಾಲೆಯ ಸಾಹಿತ್ಯ ಸಂಘ, ಗೋಡೆ ಪತ್ರಿಕೆ, ವಾರ್ಷಿಕೋತ್ಸವದ ನಾಟಕ ಎಂದು ಓಡಾಡಿದವರೇ. ಸಂಘದ ಕಾರ್ಯದರ್ಶಿಯಾಗಿದ್ದೆವು ಎಂದು ಇವತ್ತು ಹೇಳಿಕೊಂಡರೆ ನಮ್ಮ ಮಕ್ಕಳು ನಗುತ್ತಾರೆ. ಅಂಥದ್ದೇ ಒಂದು ಪುಟ್ಟ ಸಂಘ 1942ರ ಬೇಸಿಗೆಯಲ್ಲಿ ಆಮ್‌ಸ್ಟರ್‌ಡಾಮಿನ ಒಂದು ಊಟದ ಕೋಣೆಯಲ್ಲಿ ಕೆಲವು ವಾರ ನಡೆಯಿತು. ಅದರ ಸದಸ್ಯೆಯರಲ್ಲಿ ಒಬ್ಬಳ ಹೆಸರು ಆನ್ನೆ ಫ್ರಾಂಕ್. ಅವಳ ಡೈರಿಯನ್ನು ನಾವೆಲ್ಲ ಓದಿದ್ದೇವೆ. ಆದರೆ ಓದುವ ಅವಸರದಲ್ಲಿ, ಅಡಗುತಾಣದ ಕಥೆ ಶುರುವಾಗುವ ಮುಂಚಿನ ಶಾಲೆಯ ಪುಟಗಳನ್ನು ದಾಟಿಕೊಂಡು ಹೋಗಿಬಿಡುತ್ತೇವೆ.

ಈ ದೇಶದಲ್ಲಿ ಮನೆ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ ಒಂದಿದೆ. ಇಲ್ಲಿ ಆಟೋಟ ಹೆಚ್ಚಾಗಿ ನಡೆಯುವುದು ಶಾಲೆಯಲ್ಲಲ್ಲ, ಊರಿನ ಕ್ಲಬ್ಬಿನಲ್ಲಿ. ಹಾಕಿಗೊಂದು, ಫುಟ್‌ಬಾಲಿಗೊಂದು, ಈಜಿಗೊಂದು. ಮೂವರು ಡಚ್ಚರು ಸೇರಿದರೆ ಒಂದು ಸಂಘ ಹುಟ್ಟುತ್ತದೆ ಎಂದು ನಾವು ತಮಾಷೆ ಮಾಡುವುದುಂಟು. ಯುದ್ಧಕ್ಕೆ ಮುಂಚೆ ಇದು ಇನ್ನೂ ಗಟ್ಟಿಯಾಗಿತ್ತು. ಕ್ಯಾಥೊಲಿಕರು, ಪ್ರಾಟೆಸ್ಟೆಂಟರು, ಸಮಾಜವಾದಿಗಳು ತಮ್ಮ ತಮ್ಮ ಶಾಲೆ, ಪತ್ರಿಕೆ, ಕ್ರೀಡಾಸಂಘಗಳನ್ನೇ ಕಟ್ಟಿಕೊಂಡಿದ್ದರು. ಶಾಲೆ ಬಿಟ್ಟ ಮೇಲಿನ ಮಗುವಿನ ಬದುಕೆಲ್ಲ ಸಂಘದಲ್ಲೇ ಇತ್ತು ಎಂದರೂ ನಡೆಯುತ್ತದೆ. ಹಾಗಾಗಿ, ಸಂಘದ ಬಾಗಿಲು ಮುಚ್ಚುವುದೆಂದರೆ ಸಣ್ಣ ಮಾತಾಗಿರಲಿಲ್ಲ.

1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಈ ದೇಶವನ್ನು ಹಿಡಿಯಿತು. ಆಗ ಇಲ್ಲಿ ಸುಮಾರು 1,40,000 ಯಹೂದಿಗಳಿದ್ದರು. ನಿಷೇಧಗಳು ಒಂದೇ ದಿನ ಬರಲಿಲ್ಲ, ಒಂದೊಂದಾಗಿ ಬಂದವು. 1941ರ ಬೇಸಿಗೆ ರಜೆ ಮುಗಿಯುವಾಗ ಯಹೂದಿ ಮಕ್ಕಳು ಪ್ರತ್ಯೇಕ ಶಾಲೆಗೇ ಹೋಗಬೇಕೆಂಬ ಆಜ್ಞೆ ಹೊರಟಿತು. ಸೆಪ್ಟೆಂಬರಿನಲ್ಲಿ ಉದ್ಯಾನ, ಕೆಫೆ, ಗ್ರಂಥಾಲಯ, ನಾಟಕ ಮಂದಿರಗಳ ಮುಂದೆ 'ಯಹೂದಿಗಳಿಗೆ ನಿಷೇಧ' ಎಂಬ ಫಲಕಗಳು ಬಿದ್ದವು. ಅಕ್ಟೋಬರಿನಲ್ಲಿ ಇನ್ನೊಂದು ಆಜ್ಞೆ: ಇತರರು ಇರುವ ಸಂಘಗಳಲ್ಲಿ ಯಹೂದಿಗಳು ಸದಸ್ಯರಾಗಿರುವಂತಿಲ್ಲ. ಆನ್ನೆಯ ಅಕ್ಕ ಮಾರ್ಗೊಟ್‌ಗೆ ದೋಣಿ ಹುಟ್ಟು ಹಾಕುವ ಹವ್ಯಾಸವಿತ್ತು, ಅದೂ ನಿಂತಿತು. ದೇಶ ಆಳುವವರಿಗೆ ಹುಡುಗಿಯರ ದೋಣಿಯಾಟದಿಂದ ಏನು ಅಪಾಯ ಎಂದು ಕೇಳಬಹುದು. ಅಪಾಯದ ಲೆಕ್ಕವೇ ಅದಾಗಿರಲಿಲ್ಲ. ನೆರೆಹೊರೆಯ ಮಕ್ಕಳು ಒಟ್ಟಿಗೆ ಬೆವರು ಸುರಿಸುವುದು ನಿಂತರೆ, ನಾಳೆ ಅವರಲ್ಲೊಬ್ಬರು ಕಾಣೆಯಾದಾಗ ಕೇಳುವವರು ಕಡಿಮೆ. ಆ ಕಾಲದ ಆಜ್ಞೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದಾಗ ನಮಗೆ ಹಾಗನ್ನಿಸುತ್ತದೆ.

ಆಮ್‌ಸ್ಟೆಲ್ ನದಿಯ ಹತ್ತಿರ, ಕಾರೆ ಥಿಯೇಟರಿನ ಹಿಂದೆ, ಸ್ಟಾಟ್ಸ್‌ಟಿಮ್ಮರ್‌ಟೌನೆನ್ ಎಂಬ ಬೀದಿಯಿದೆ. 1941ರ ಅಕ್ಟೋಬರಿನಲ್ಲಿ ಅಲ್ಲಿ ಯಹೂದಿ ಲೈಸಿಯಮ್ ಶುರುವಾಯಿತು. ಆನ್ನೆ ಮಾಂಟೆಸರಿ ಶಾಲೆಯಿಂದ ಬಂದವಳು, ಮಾರ್ಗೊಟ್ ಬಾಲಕಿಯರ ಲೈಸಿಯಮ್‌ನಿಂದ. ಬೇರೆ ಶಾಲೆಗಳಿಂದ ತೆಗೆದುಹಾಕಿದ ಯಹೂದಿ ಅಧ್ಯಾಪಕರೇ ಇಲ್ಲಿ ಪಾಠ ಹೇಳಿದರು. ಅವರಲ್ಲಿ ಯಾಕ್ ಪ್ರೆಸ್ಸರ್ ಒಬ್ಬರು. ಅದಕ್ಕೆ ಮುಂಚೆ ಅವರು ಫೊಸಿಯಸ್ ಜಿಮ್ನಾಸಿಯಮ್‌ನಲ್ಲಿ ಇತಿಹಾಸದ ಮೇಷ್ಟ್ರು. ಮುಂದೆ ಡಚ್ ಸಾಹಿತ್ಯದಲ್ಲಿ ದೊಡ್ಡ ಹೆಸರು ಮಾಡಿದ ಖೆರಾರ್ಡ್ ರೇವ ಮತ್ತು ಅವನ ಅಣ್ಣ ಕಾರೆಲ್ ಇಬ್ಬರೂ ಆ ಶಾಲೆಯಲ್ಲಿ ಓದಿದವರು. ನಾಜಿ ಕಾಲದ ಡಚ್ ಯಹೂದಿಗಳ ನಾಶದ ಬಗ್ಗೆ 1965ರಲ್ಲಿ ಎರಡು ಸಂಪುಟಗಳ 'ಒಂಡರ್‌ಗಾಂಗ್' ಬರೆದದ್ದು ಇದೇ ಪ್ರೆಸ್ಸರ್. ಅವರ ಹೆಂಡತಿಯೂ ಸೊಬಿಬೊರ್ ಶಿಬಿರದಿಂದ ಮರಳಲಿಲ್ಲ.

ಅಂಥ ಶಾಲೆಯಲ್ಲೂ ಹುಡುಗಾಟಕ್ಕೆ ಬರವಿರಲಿಲ್ಲ. ತರಗತಿಯಲ್ಲಿ ಮಾತು ಜಾಸ್ತಿ ಎಂದು ಗಣಿತದ ಮೇಷ್ಟ್ರು ಕೇಸಿಂಗ್ ಆನ್ನೆಗೆ ಮತ್ತೆ ಮತ್ತೆ ಪ್ರಬಂಧದ ಶಿಕ್ಷೆ ಕೊಟ್ಟ ಪ್ರಸಂಗ ನಿಮಗೆ ನೆನಪಿರಬಹುದು. ಮೂರನೆಯದನ್ನು ಅವಳು ಪದ್ಯದಲ್ಲೇ ಬರೆದಳು. ಅದಕ್ಕೆ ಕೈಜೋಡಿಸಿದವಳು ಪದ್ಯ ಕಟ್ಟುವುದರಲ್ಲಿ ನಿಪುಣೆಯಾದ ಗೆಳತಿ ಸನ್ನೆ ಲೆಡರ್‌ಮನ್. ಮೇಷ್ಟ್ರು ಸಿಟ್ಟಾಗಲಿಲ್ಲ, ಅದನ್ನು ತರಗತಿಗೆ ಓದಿ ಹೇಳಿದರು. ನಮ್ಮಂಥ ಸಾಹಿತ್ಯ ಬಳಗದವರು ಆ ಸನ್ನೆಯನ್ನು ಮರೆಯಬಾರದು.

ಇನ್ನು ಸಂಘದ ವಿಷಯ. ಇಲ್ಸೆ ವಾಗ್ನರ್ ಎಂಬ ಸಹಪಾಠಿಯ ಹತ್ತಿರ ಪಿಂಗ್‌ಪಾಂಗ್ ಸೆಟ್ ಇತ್ತು. ಅವರ ಮನೆಯಲ್ಲಿ ದೊಡ್ಡ ಊಟದ ಕೋಣೆಯಿತ್ತು, ಬೇಕಾದಾಗ ಆಡಿಕೊಳ್ಳಿ ಎಂದು ಮನೆಯವರು ಬಿಟ್ಟುಕೊಟ್ಟಿದ್ದರು. ಇಲ್ಸೆ, ಆನ್ನೆ, ಹನ್ನೆಲಿ ಗೋಸ್ಲಾರ್, ಜಾಕ್ಲೀನ್ ಫಾನ್ ಮಾರ್ಸೆನ್ ಲೈಸಿಯಮ್ಮಿನವರು, ಸನ್ನೆ ಬೇರೆ ಶಾಲೆಯವಳು. ಐವರೂ ಸೇರಿ ಕ್ಲಬ್ಬು ಕಟ್ಟಿದರು. ಪಿಂಗ್‌ಪಾಂಗ್‌ಗೆ ಮೈದಾನ ಬೇಡ, ಸದಸ್ಯತ್ವದ ಚೀಟಿ ಬೇಡ, ಒಂದು ಮೇಜು ಸಾಕು. ಟೆನ್ನಿಸ್ ಅಂಗಳವೂ ಈಜುಕೊಳವೂ ಮುಚ್ಚಿದ್ದ ಕಾಲದಲ್ಲಿ ಮಕ್ಕಳಿಗೆ ಉಳಿದದ್ದು ಇಂಥದ್ದೇ. ಚಿತ್ರಮಂದಿರವೂ ಹಾಗೆಯೇ. ಆನ್ನೆಗೆ ಹದಿಮೂರು ತುಂಬಿದಾಗ ಮನೆಯಲ್ಲೇ ಗೆಳೆಯರಿಗೆಲ್ಲ ರಿನ್ ಟಿನ್ ಟಿನ್ ನಾಯಿಯ ಸಿನಿಮಾ ತೋರಿಸಿದರು.

ಕ್ಲಬ್ಬಿನ ಹೆಸರು 'ದೆ ಕ್ಲೈನೆ ಬೇರ್ ಮಿನ್ ತ್ವೇ'. ಚಿಕ್ಕ ಕರಡಿಯಲ್ಲಿ ಎರಡು ಕಡಿಮೆ, ಎಂದರೆ ನಾವು ಲಘು ಸಪ್ತರ್ಷಿ ಎನ್ನುವ ನಕ್ಷತ್ರಪುಂಜದಲ್ಲಿ ಎರಡು ಕಡಿಮೆ. ಅದರಲ್ಲಿ ಐದು ನಕ್ಷತ್ರಗಳಿವೆ, ನಾವೂ ಐವರು ಎಂದು ಹುಡುಗಿಯರು ಆ ಹೆಸರು ಆರಿಸಿದ್ದರು. ನೋಡಿದರೆ ದೊಡ್ಡ ಕರಡಿಯಂತೆ ಚಿಕ್ಕದರಲ್ಲೂ ಏಳು. ಹೆಸರು ಬಿಡಲು ಮನಸ್ಸಿಲ್ಲ, ಬಾಲಕ್ಕೆ 'ಎರಡು ಕಡಿಮೆ' ಸೇರಿಸಿದರು. ನಮ್ಮ ಊರಿನ ಮಕ್ಕಳಿಗೆ ಈ ಗೊಂದಲವೇ ಆಗುತ್ತಿರಲಿಲ್ಲ ನೋಡಿ, ಸಪ್ತರ್ಷಿ ಎಂಬ ಹೆಸರಲ್ಲೇ ಲೆಕ್ಕವಿದೆ.

ಆಟ ಮುಗಿದ ಮೇಲೆ ಸೆಕೆ. ಯಹೂದಿಗಳಿಗೆ ಪ್ರವೇಶವಿದ್ದ ಐಸ್‌ಕ್ರೀಮ್ ಅಂಗಡಿಗಳಲ್ಲಿ ಹತ್ತಿರದವು ಎರಡು, ಓಆಸೆ ಮತ್ತು ಡೆಲ್ಫಿ. ಅಲ್ಲಿ ಪರಿಚಯದ ಯಾರಾದರೂ ಸಿಕ್ಕೇ ಸಿಗುತ್ತಿದ್ದರು, ಆದ್ದರಿಂದ ಖರ್ಚಿನ ಚಿಂತೆಯೂ ಇರುತ್ತಿರಲಿಲ್ಲ. ಇದೆಲ್ಲ 1942ರ ಜೂನ್ 20ರ ತಾರೀಖಿನಡಿ ಅಚ್ಚಾಗಿದೆ. ಓದುಗರು ಗಮನಿಸಬೇಕಾದ ಒಂದು ವಿಷಯವಿದೆ. 1944ರಲ್ಲಿ ರೇಡಿಯೊ ಭಾಷಣವೊಂದನ್ನು ಕೇಳಿದ ಮೇಲೆ ಆನ್ನೆ ತನ್ನ ಡೈರಿಯನ್ನು ಪುಸ್ತಕವಾಗುವಂತೆ ತಿದ್ದಿ ಬರೆಯಲು ಕೂತಳು. ಹಿಂದಿನ ಮನೆಯ ಕೋಣೆಯಲ್ಲಿ ಕದ್ದು ಕೂತಿದ್ದ ಹದಿನಾಲ್ಕು ಹದಿನೈದರ ಹುಡುಗಿ, ಹೊರಗಿನ ಎರಡು ವರ್ಷ ಹಳೆಯ ಐಸ್‌ಕ್ರೀಮಿಗೂ ಪಿಂಗ್‌ಪಾಂಗಿಗೂ ಆ ಪುಸ್ತಕದಲ್ಲಿ ಜಾಗ ಕೊಟ್ಟಳು.

1942ರ ಜುಲೈ 3ರಂದು ಪರೀಕ್ಷೆಯ ಫಲಿತಾಂಶ ಬಂತು. ಜುಲೈ 5ರಂದು ಮಾರ್ಗೊಟ್‌ಗೆ ಜರ್ಮನಿಗೆ ಕೆಲಸಕ್ಕೆ ಹೊರಡಬೇಕೆಂಬ ಕರೆಪತ್ರ ಬಂತು. ಮರುದಿನ ಬೆಳಗ್ಗೆ ಫ್ರಾಂಕ್ ಕುಟುಂಬ ಮನೆ ಬಿಟ್ಟಿತು. ಕ್ಲಬ್ಬಿನಲ್ಲಿ ಒಬ್ಬಳು ಕಡಿಮೆಯಾದಳು. ಅವರು ಸ್ವಿಟ್ಜರ್ಲೆಂಡಿಗೆ ಹೋದರೆಂದೇ ಗೆಳತಿಯರು ನಂಬಿದ್ದರು.

ಇಲ್ಸೆಯನ್ನು ಅವಳ ತಾಯಿ, ಅಜ್ಜಿಯ ಜೊತೆ 1943ರ ಏಪ್ರಿಲ್‌ನಲ್ಲಿ ಸೊಬಿಬೊರ್‌ನಲ್ಲಿ ಕೊಂದರು. ಆ ಜೂನ್ 20ರಂದು ದಕ್ಷಿಣ ಆಮ್‌ಸ್ಟರ್‌ಡಾಮಿನಲ್ಲಿ ನಡೆದ ದೊಡ್ಡ ಬಂಧನದಲ್ಲಿ ಸನ್ನೆಯೂ ಹನ್ನೆಲಿಯೂ ಸಿಕ್ಕಿಬಿದ್ದರು. ಸನ್ನೆ ತಂದೆತಾಯಿಯರೊಡನೆ ನವೆಂಬರಿನಲ್ಲಿ ಆಷ್‌ವಿಟ್ಸ್‌ನಲ್ಲಿ ಸತ್ತಳು. ಸುಳ್ಳು ಕಾಗದಪತ್ರ ಇಟ್ಟುಕೊಂಡಿದ್ದ ಅವಳ ಅಕ್ಕ ಬಾರ್ಬರಾ ಉಳಿದಳು. ಹನ್ನೆಲಿ ಬೆರ್ಗೆನ್-ಬೆಲ್ಸೆನ್ ಶಿಬಿರಕ್ಕೆ ಹೋದಳು. 1945ರ ಆರಂಭದಲ್ಲಿ ಒಣಹುಲ್ಲು ತುಂಬಿದ ಬೇಲಿಯ ಆಚೆ ಆನ್ನೆ ಇದ್ದಾಳೆಂದು ತಿಳಿದು, ಕತ್ತಲಲ್ಲಿ ಮುಖ ಕಾಣದೆ ಮಾತಾಡಿದಳು, ತಿನ್ನಲು ಏನೋ ಕಟ್ಟಿ ಎಸೆದಳು. ಮೊದಲ ಗಂಟನ್ನು ಬೇರೊಬ್ಬಳು ಕಸಿದುಕೊಂಡಳು, ಎರಡನೆಯದು ಆನ್ನೆಯ ಕೈಗೆ ಸಿಕ್ಕಿತು. ಅದಾದ ಸ್ವಲ್ಪ ದಿನಕ್ಕೆ ಆನ್ನೆ ಹೋದಳು. ಹನ್ನೆಲಿ ಬದುಕಿ, 1947ರಲ್ಲಿ ಪ್ಯಾಲೆಸ್ಟೈನಿಗೆ ಹೋಗಿ ನರ್ಸ್ ಆದರು. 2022ರಲ್ಲಿ ಜೆರುಸಲೇಮಿನಲ್ಲಿ ತೀರಿಕೊಂಡರು.

ಜಾಕ್ಲೀನ್ ತಾಯಿ ಫ್ರಾನ್ಸಿನ ಕ್ಯಾಥೊಲಿಕ್ ಹೆಂಗಸು. ಮಕ್ಕಳ ಹೆಸರನ್ನು ಯಹೂದಿಗಳ ಪಟ್ಟಿಯಿಂದ ತೆಗೆಸುವಲ್ಲಿ ಆಕೆ ಗೆದ್ದರು. ಹಾಗೆ ಉಳಿದ ಜಾಕ್ಲೀನ್ ಪುಸ್ತಕಗಳಿಗೆ ರಟ್ಟು ಕಟ್ಟುವ ಕಲೆಯಲ್ಲಿ ಹೆಸರು ಪಡೆದು, ಆನ್ನೆಯ ನೆನಪುಗಳನ್ನೂ ಬರೆದರು. 2025ರ ಫೆಬ್ರವರಿಯಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡ ಅವರೇ ಆ ಕ್ಲಬ್ಬಿನ ಕೊನೆಯ ಸದಸ್ಯೆ.

ಊರಿನಿಂದ ನೆಂಟರು ಬಂದಾಗ ನಾವೆಲ್ಲ ಪ್ರಿನ್ಸೆನ್‌ಗ್ರಾಕ್ಟ್ 263ಕ್ಕೆ ಕರೆದುಕೊಂಡು ಹೋಗುತ್ತೇವೆ. ಟಿಕೆಟ್ ಸಿಗದಿದ್ದರೆ ವೇಸ್ಪರ್‌ಸ್ಟ್ರಾಟ್‌ಗೆ ಹೋಗಬಹುದು, ಹಳೆಯ ಲೈಸಿಯಮ್ಮಿನಿಂದ ಕೆಲವೇ ನಿಮಿಷದ ನಡಿಗೆ. 2021ರ ಸೆಪ್ಟೆಂಬರಿನಲ್ಲಿ ಅಲ್ಲಿ ತೆರೆದ ಸ್ಮಾರಕದಲ್ಲಿ 1,02,000ಕ್ಕೂ ಹೆಚ್ಚು ಇಟ್ಟಿಗೆಗಳಿವೆ. ಒಂದೊಂದರ ಮೇಲೂ ಒಂದು ಹೆಸರು, ಹುಟ್ಟಿದ ತಾರೀಖು, ಸತ್ತಾಗಿನ ವಯಸ್ಸು. ಅಕ್ಷರಾನುಕ್ರಮದಲ್ಲಿ ಇರುವುದರಿಂದ ಹುಡುಕುವುದು ಕಷ್ಟವಲ್ಲ. ಇಲ್ಸೆಗೆ 14, ಸನ್ನೆಗೆ 15, ಆನ್ನೆಗೆ 15.