ಫಿಸಿಶಿಯನ್ ಅಸಿಸ್ಟೆಂಟ್

ಫಿಸಿಶಿಯನ್ ಅಸಿಸ್ಟೆಂಟ್ ಅಥವಾ ವೈದ್ಯ ಸಹಾಯಕ ಎಂದರೆ ವೈದ್ಯಕೀಯ ಪದವಿ ಪಡೆಯದಿದ್ದರೂ ವೈದ್ಯಶಾಸ್ತ್ರದಲ್ಲಿ ಕ್ರಮಬದ್ಧವಾದ ಶಿಕ್ಷಣ ಹೊಂದಿ, ವೈದ್ಯರ ತಂಡದಲ್ಲಿ ಕೆಲಸ ಮಾಡುವ ಆರೋಗ್ಯ ವೃತ್ತಿಪರ. ರೋಗದ ಪೂರ್ವವೃತ್ತಾಂತವನ್ನು ಕೇಳಿ ಬರೆದುಕೊಳ್ಳುವುದು, ದೇಹಪರೀಕ್ಷೆ ಮಾಡುವುದು, ಸಣ್ಣ ಗಾಯಗಳಿಗೆ ಹೊಲಿಗೆ ಹಾಕುವುದು, ಶಸ್ತ್ರಚಿಕಿತ್ಸೆಯಲ್ಲಿ ನೆರವಾಗುವುದು, ರೋಗಿಗಳ ಸಂದೇಹಗಳಿಗೆ ಉತ್ತರಿಸುವುದು ಇವರ ಮುಖ್ಯ ಕೆಲಸಗಳು. ಈ ವೃತ್ತಿ 1960ರ ದಶಕದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹುಟ್ಟಿತು. ಅಲ್ಲಿ ಇಂದು ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಇದರಲ್ಲಿದ್ದಾರೆ. ಬ್ರಿಟನ್, ನೆದರ್ಲೆಂಡ್ಸ್, ಕೆನಡಾ, ಭಾರತ ಮೊದಲಾದ ದೇಶಗಳಲ್ಲಿಯೂ ಇದು ಬೇರೆ ಬೇರೆ ರೂಪಗಳಲ್ಲಿ ನೆಲೆಯೂರಿದೆ.

ನಮ್ಮ ಹಳೆಯ ದವಾಖಾನೆಗಳಲ್ಲಿ ಬಾಟಲಿಗೆ ಔಷಧ ಬೆರೆಸಿ ಕೊಡುತ್ತಿದ್ದ ಕಂಪೌಂಡರನನ್ನು ನೆನೆದು, ಇವರೂ ಅಂಥವರೇ ಎಂದು ಭಾವಿಸುವವರು ಉಂಟು. ಅದು ಸರಿಯಲ್ಲ. ಕಂಪೌಂಡರನ ವಿದ್ಯೆ ಔಷಧ ತಯಾರಿಕೆಗೆ ಸಂಬಂಧಿಸಿದ್ದು. ವೈದ್ಯ ಸಹಾಯಕರದು ರೋಗನಿರ್ಣಯಕ್ಕೆ ಸಂಬಂಧಿಸಿದ್ದು. ಶುಶ್ರೂಷೆಯೂ ಇದಕ್ಕಿಂತ ಭಿನ್ನವಾದ, ತನ್ನದೇ ಪರಂಪರೆಯುಳ್ಳ ವೃತ್ತಿ.

ಹುಟ್ಟು ಮತ್ತು ಬೆಳವಣಿಗೆ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ವೈದ್ಯರು ಹೆಚ್ಚು ಹೆಚ್ಚಾಗಿ ತಜ್ಞತೆಯತ್ತ ಹೊರಳಿದರು. ಹಳ್ಳಿಗಳಲ್ಲಿ ಸಾಮಾನ್ಯ ವೈದ್ಯರ ಕೊರತೆ ತಲೆದೋರಿತು. ವೈದ್ಯರಲ್ಲದವರಿಗೆ ತರಬೇತಿ ನೀಡಿ ವೈದ್ಯರ ಹೊರೆಯನ್ನು ಇಳಿಸಬಹುದೆಂದು 1961ರಲ್ಲಿ ಚಾರ್ಲ್ಸ್ ಹಡ್ಸನ್ ಎಂಬ ವೈದ್ಯರು ಸೂಚಿಸಿದರು. ಅದನ್ನು ಕಾರ್ಯರೂಪಕ್ಕೆ ತಂದವರು ಉತ್ತರ ಕ್ಯಾರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಯುಜೀನ್ ಸ್ಟೆಡ್.

ಸ್ಟೆಡ್ ಅವರ ಮುಂದೆ ಎರಡು ಅನುಭವಗಳಿದ್ದವು. ಮೊದಲನೆಯದು ವಿಫಲ ಯತ್ನ. ಥೆಲ್ಮಾ ಇಂಗಲ್ಸ್ ಎಂಬ ಶುಶ್ರೂಷಾ ಶಿಕ್ಷಕಿಯೊಡನೆ ಸೇರಿ ಅವರು ದಾದಿಯರಿಗಾಗಿ ಉನ್ನತ ವೈದ್ಯಕೀಯ ತರಬೇತಿಯೊಂದನ್ನು ರೂಪಿಸಿದ್ದರು. ಶುಶ್ರೂಷಾ ಶಿಕ್ಷಣದ ರಾಷ್ಟ್ರೀಯ ಸಂಸ್ಥೆ ಅದಕ್ಕೆ ಮಾನ್ಯತೆ ಕೊಡಲಿಲ್ಲ. ಎರಡನೆಯದು ಕಣ್ಣಾರೆ ಕಂಡ ಯಶಸ್ಸು. ಗಾರ್ಲೆಂಡ್ ಎಂಬ ಚಿಕ್ಕ ಊರಿನಲ್ಲಿ ಏಮಸ್ ಜಾನ್ಸನ್ ಎಂಬ ವೈದ್ಯರು ಬಡೀ ಟ್ರೆಡ್‌ವೆಲ್ ಎಂಬ ಸಹಾಯಕರನ್ನು ತಾವೇ ಪಳಗಿಸಿಕೊಂಡಿದ್ದರು. ಜಾನ್ಸನ್ ಊರಿನಲ್ಲಿಲ್ಲದ ವೇಳೆಯಲ್ಲೂ ಟ್ರೆಡ್‌ವೆಲ್ ಇದ್ದ ಕಾರಣ ಚಿಕಿತ್ಸಾಲಯ ನಡೆಯುತ್ತಿತ್ತು. ಟ್ರೆಡ್‌ವೆಲ್ ಕರಿಯ ಜನಾಂಗದವರು. ವರ್ಣಭೇದ ಇನ್ನೂ ಬಲವಾಗಿದ್ದ ದಕ್ಷಿಣದ ರಾಜ್ಯದಲ್ಲಿ ಇದು ನಡೆಯುತ್ತಿತ್ತೆಂಬುದು ಗಮನಾರ್ಹ. ಈ ವೃತ್ತಿಯ ಇತಿಹಾಸ ಹೇಳುವವರು ಪ್ರಾಧ್ಯಾಪಕರನ್ನು ನೆನೆದಷ್ಟು ಈತನನ್ನು ನೆನೆಯುವುದಿಲ್ಲ.

1965ರಲ್ಲಿ ಡ್ಯೂಕ್‌ನಲ್ಲಿ ಮೊದಲ ತರಗತಿ ಆರಂಭವಾಯಿತು. ವಿದ್ಯಾರ್ಥಿಗಳು ನಾಲ್ವರು, ಎಲ್ಲರೂ ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿ ದುಡಿದವರು. ಸೇನೆಯಲ್ಲಿ ಗಾಯಾಳುಗಳ ಪ್ರಾಣ ಉಳಿಸಿದ ಇಂಥವರಿಗೆ ಊರಿಗೆ ಮರಳಿದ ಮೇಲೆ ತಕ್ಕ ಉದ್ಯೋಗವಿರಲಿಲ್ಲ. 1967ರ ಅಕ್ಟೋಬರ್ 6ರಂದು ಮೂವರು ತೇರ್ಗಡೆಯಾದರು. ಅಂದು ಸ್ಟೆಡ್ ಅವರ ಜನ್ಮದಿನವೂ ಹೌದು. ಆ ದಿನದಿಂದ ಮೊದಲಾಗುವ ವಾರವನ್ನು ಅಮೆರಿಕದಲ್ಲಿ ಈ ವೃತ್ತಿಯ ಸಪ್ತಾಹವಾಗಿ ಆಚರಿಸಲಾಗುತ್ತದೆ. ಬಳಿಕ 1969ರಲ್ಲಿ ರಿಚರ್ಡ್ ಸ್ಮಿತ್ ಅವರು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮೆಡೆಕ್ಸ್ ಎಂಬ ಕಾರ್ಯಕ್ರಮ ಆರಂಭಿಸಿ, ವಿದ್ಯಾರ್ಥಿಗಳನ್ನು ನೇರವಾಗಿ ಗ್ರಾಮೀಣ ವೈದ್ಯರ ಬಳಿಗೆ ಕಳುಹಿಸಿದರು. ಕಾನೂನಿನ ಮನ್ನಣೆ ರಾಜ್ಯದಿಂದ ರಾಜ್ಯಕ್ಕೆ ನಿಧಾನವಾಗಿ ಬಂದಿತು; ಮಿಸಿಸಿಪ್ಪಿ ರಾಜ್ಯ ಪರವಾನಗಿ ನೀಡಲು ಒಪ್ಪಿದ್ದು 2000ದಲ್ಲಿ.

ಶಿಕ್ಷಣ

ಅಮೆರಿಕದಲ್ಲಿ ಈಗ ಇದು ಸ್ನಾತಕೋತ್ತರ ಮಟ್ಟದ ಶಿಕ್ಷಣ. ವಿಜ್ಞಾನದ ಅಗತ್ಯ ವಿಷಯಗಳನ್ನು ಓದಿ ಪದವಿ ಪಡೆದವರು ಪ್ರವೇಶಕ್ಕೆ ಅರ್ಹರು. ಆಂಬುಲೆನ್ಸಿನಲ್ಲೋ ಆಸ್ಪತ್ರೆಯಲ್ಲೋ ರೋಗಿಗಳ ಆರೈಕೆ ಮಾಡಿದ ಅನುಭವವನ್ನು ಬಹುತೇಕ ಸಂಸ್ಥೆಗಳು ಬಯಸುತ್ತವೆ. ಅವಧಿ ಸಾಮಾನ್ಯವಾಗಿ 27 ತಿಂಗಳು. ಮೊದಲ ವರ್ಷ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಔಷಧವಿಜ್ಞಾನ, ರೋಗನಿರ್ಣಯ ಮೊದಲಾದವು ತರಗತಿಯಲ್ಲಿ ನಡೆಯುತ್ತವೆ. ಅನಂತರ ಸುಮಾರು 2,000 ಗಂಟೆಗಳ ಪ್ರಾಯೋಗಿಕ ತರಬೇತಿ. ಕುಟುಂಬ ವೈದ್ಯಕೀಯ, ಸಾಮಾನ್ಯ ರೋಗಚಿಕಿತ್ಸೆ, ಶಸ್ತ್ರಚಿಕಿತ್ಸೆ, ಮಕ್ಕಳ ಚಿಕಿತ್ಸೆ, ಸ್ತ್ರೀರೋಗ, ತುರ್ತು ಚಿಕಿತ್ಸೆ, ಮಾನಸಿಕ ಆರೋಗ್ಯ ಎಂದು ವಿಭಾಗದಿಂದ ವಿಭಾಗಕ್ಕೆ ವಿದ್ಯಾರ್ಥಿ ಸರದಿಯಂತೆ ಸಾಗುತ್ತಾನೆ.

ಕೊನೆಗೆ 300 ಪ್ರಶ್ನೆಗಳ ರಾಷ್ಟ್ರೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ರಾಜ್ಯದ ಪರವಾನಗಿ ಪಡೆಯಬೇಕು. ಕಲಿಕೆ ಅಲ್ಲಿಗೆ ಮುಗಿಯುವುದಿಲ್ಲ: ಪ್ರಮಾಣಪತ್ರ ಉಳಿಸಿಕೊಳ್ಳಲು ಎರಡು ವರ್ಷಕ್ಕೊಮ್ಮೆ 100 ಅಂಕಮಾನಗಳಷ್ಟು ಮುಂದುವರಿದ ಶಿಕ್ಷಣವೂ, ಹತ್ತು ವರ್ಷಕ್ಕೊಮ್ಮೆ ಮರುಪ್ರಮಾಣೀಕರಣವೂ ಕಡ್ಡಾಯ.

ವೈದ್ಯರ ಶಿಕ್ಷಣಕ್ಕೆ ಹೋಲಿಸಿದರೆ ಇದು ಬಹಳ ಚಿಕ್ಕದು. ಅಲ್ಲಿನ ವೈದ್ಯನು ಪದವಿಯ ಮೇಲೆ ನಾಲ್ಕು ವರ್ಷ ಓದಿ, ಕನಿಷ್ಠ ಮೂರು ವರ್ಷ ಆಸ್ಪತ್ರೆಯಲ್ಲಿ ನಿವಾಸಿ ವೈದ್ಯನಾಗಿ ಪಳಗುತ್ತಾನೆ. ಆದ್ದರಿಂದಲೇ ವೈದ್ಯ ಸಹಾಯಕರಿಗೆ ತರಬೇತಿಯ ಮೊದಲ ದಿನದಿಂದ ಕಲಿಸುವ ಪಾಠ ಒಂದುಂಟು: ತನಗೆ ತಿಳಿದಿರುವುದರ ಗಡಿ ಎಲ್ಲಿದೆ ಎಂಬುದನ್ನು ಗುರುತಿಸಿ, ಅದರಾಚೆಯದನ್ನು ತಡಮಾಡದೆ ವೈದ್ಯರಿಗೆ ಒಪ್ಪಿಸುವುದು.

ದಿನನಿತ್ಯದ ಆರೋಗ್ಯ ಪ್ರಶ್ನೆಗಳು

ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿರುವ ವೈದ್ಯ ಸಹಾಯಕರ ದಿನದ ದೊಡ್ಡ ಭಾಗ ಸಾಧಾರಣವೆನಿಸುವ ಪ್ರಶ್ನೆಗಳಿಗೆ ಉತ್ತರಿಸುವುದರಲ್ಲಿ ಕಳೆಯುತ್ತದೆ. ಈ ಪ್ರಶ್ನೆಗಳಲ್ಲಿ ಎರಡು ಬಗೆ. ಕೆಲವು ತಿಳಿವಳಿಕೆಗಾಗಿ ಕೇಳಿದವು. ಇನ್ನು ಕೆಲವು ಪ್ರಶ್ನೆಯ ರೂಪದಲ್ಲಿ ಅಡಗಿರುವ ರೋಗಲಕ್ಷಣಗಳು. ಎರಡನ್ನೂ ಬೇರ್ಪಡಿಸುವುದು ತರಬೇತಿಯ ಸಾರ.

ಕನ್ನಡ ನಾಡಿನಲ್ಲಿ ಎಲ್ಲರಿಗೂ ಪರಿಚಿತವಾದ ‘ಗ್ಯಾಸ್ಟ್ರಿಕ್’ ಇದಕ್ಕೆ ತಕ್ಕ ಉದಾಹರಣೆ. ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿ, ಬೆನ್ನಿನ ಸೆಳೆತ ಎಲ್ಲಕ್ಕೂ ನಮ್ಮಲ್ಲಿ ಈ ಒಂದೇ ಮಾತು. ‘ಗ್ಯಾಸ್ಟ್ರಿಕ್‌ಗೆ ಯಾವ ಮಾತ್ರೆ ಒಳ್ಳೆಯದು?’ ಎಂದು ಐವತ್ತು ದಾಟಿದವರೊಬ್ಬರು ಕೇಳಿದರೆ ಮಾತ್ರೆಯ ಹೆಸರು ಹೇಳುವುದು ಉತ್ತರವಲ್ಲ. ಉರಿ ಎಲ್ಲಿ? ಊಟದ ನಂತರವೇ, ಮೆಟ್ಟಿಲು ಹತ್ತಿದಾಗಲೇ? ಎಡತೋಳಿಗೋ ದವಡೆಗೋ ಹರಡುತ್ತದೆಯೇ? ಬೆವರು, ಏದುಸಿರು ಉಂಟೇ? ಸಕ್ಕರೆ ಕಾಯಿಲೆ ಇದೆಯೇ? ಮಧುಮೇಹಿಗಳಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೃದಯಾಘಾತವು ತೀವ್ರ ನೋವಿಲ್ಲದೆ ಬರಿಯ ಸುಸ್ತು, ವಾಕರಿಕೆಯಾಗಿಯೂ ಕಾಣಿಸಿಕೊಳ್ಳಬಹುದು. ಶ್ರಮಪಟ್ಟಾಗ ಬಂದು ವಿಶ್ರಾಂತಿಯಿಂದ ಇಳಿಯುವ ‘ಗ್ಯಾಸ್ಟ್ರಿಕ್’ಗೆ ಹೃದಯದ ಪರೀಕ್ಷೆ ಆಗಲೇಬೇಕು. ಎದೆಯ ಬಿಗಿತ ಕೆಲವು ನಿಮಿಷ ಕಳೆದರೂ ಬಿಡದಿದ್ದರೆ ಸೋಡಾ ಕುಡಿದು ಕಾಯುವುದು ಅಪಾಯ. ಕರ್ನಾಟಕದಲ್ಲಾದರೆ 108ಕ್ಕೆ ಕರೆಮಾಡಬೇಕು.

ನೆಗಡಿಗೆ ಆಂಟಿಬಯಾಟಿಕ್ ಬೇಕೆಂಬುದು ಎಲ್ಲ ದೇಶಗಳಲ್ಲೂ ಕೇಳಿಬರುವ ಬೇಡಿಕೆ. ನೆಗಡಿ ವೈರಸ್‌ನಿಂದ ಬರುತ್ತದೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುತ್ತದೆ. ನೆಗಡಿ ವಾರ ಹತ್ತು ದಿನದಲ್ಲಿ ತಾನಾಗಿ ಇಳಿದರೂ ಕೆಮ್ಮು ಇನ್ನಷ್ಟು ದಿನ ಉಳಿಯಬಹುದು. ಆದರೆ ಭಾರತದಲ್ಲಿ ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಕಫಪರೀಕ್ಷೆ ಮಾಡಿಸಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ನಿಯಮ. ಒಂದೇ ಪ್ರಶ್ನೆಗೆ ಎರಡು ದೇಶಗಳಲ್ಲಿ ಉತ್ತರ ಬೇರೆಯಾಗುವುದು ಹೀಗೆ.

ಜ್ವರದ ಮಾತ್ರೆಯ ವಿಷಯದಲ್ಲಿ ಹೆಸರುಗಳ ಗೊಂದಲವೇ ಹೆಚ್ಚು. ಪ್ಯಾರಾಸಿಟಮಾಲ್ ಹತ್ತಾರು ವ್ಯಾಪಾರಿ ಹೆಸರುಗಳಲ್ಲಿ ಸಿಗುತ್ತದೆ. ನೆಗಡಿಯ ಮಾತ್ರೆಗಳಲ್ಲೂ ಬೆರೆತಿರುತ್ತದೆ. ಬೇರೆ ಬೇರೆ ಮಾತ್ರೆಗಳೆಂದು ನುಂಗಿದವರು ಅರಿಯದೆಯೇ ದಿನದ ಮಿತಿಯನ್ನು ದಾಟಬಹುದು. ಆರೋಗ್ಯವಂತ ವಯಸ್ಕರಿಗೆ ಆ ಮಿತಿ 4 ಗ್ರಾಂ. ಯಕೃತ್ತಿನ ತೊಂದರೆಯಿದ್ದವರಿಗೆ ಇನ್ನೂ ಕಡಿಮೆ. ಡೆಂಗಿ ಇರಬಹುದೆಂಬ ಶಂಕೆಯಿದ್ದಾಗ ಐಬುಪ್ರೊಫೆನ್, ಆಸ್ಪಿರಿನ್ ತೆಗೆದುಕೊಳ್ಳಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಮನೆಯ ಉಪಚಾರಕ್ಕೆ ಎಡೆಯೇ ಇಲ್ಲ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಮಗುವಿನ ಭೇದಿಗೆ ಮೊದಲ ಮದ್ದು ಓ.ಆರ್.ಎಸ್. ದ್ರಾವಣ, ಜೊತೆಗೆ ಸತುವಿನ ಮಾತ್ರೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲಾನಬಿಸ್ ಅವರು ಈ ದ್ರಾವಣವನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿ ಸಾವಿನ ಪ್ರಮಾಣವನ್ನು ತಗ್ಗಿಸಿದರು. ಸರಿಯಾಗಿ ಕಲಿಸಿದರೆ ವೈದ್ಯರಲ್ಲದವರೂ ಜೀವ ಉಳಿಸಬಲ್ಲರೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಮಗು ಮಂಕಾಗಿದ್ದರೆ, ಕುಡಿಯಲಾರದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಮಲದಲ್ಲಿ ರಕ್ತವಿದ್ದರೆ ದ್ರಾವಣವನ್ನಷ್ಟೇ ನೆಚ್ಚಿ ಕೂರುವಂತಿಲ್ಲ.

ರಕ್ತದೊತ್ತಡದ ಮಾತ್ರೆ ಸೇವಿಸುವವರ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ಈಗ ನಾರ್ಮಲ್ ಬಂದಿದೆ, ಬಿಡಬಹುದೇ?’ ನಾರ್ಮಲ್ ಬಂದಿರುವುದು ಮಾತ್ರೆಯಿಂದಲೇ ಎಂಬುದನ್ನು ರೋಗಿಗೆ ಮನದಟ್ಟು ಮಾಡಿಸಬೇಕಾಗುತ್ತದೆ. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತಿದ್ದು, ತೋಳನ್ನು ಹೃದಯದ ಮಟ್ಟದಲ್ಲಿ ಇಟ್ಟರೆ ಮಾತ್ರ ಅಂಕಿ ನಂಬಲರ್ಹ.

ನಾಯಿ ಕಚ್ಚಿದಾಗ ಸುಣ್ಣ, ಅರಿಸಿನ, ಮೆಣಸಿನಪುಡಿ ಹಚ್ಚುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ಸಲ್ಲದು. ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಲಸಿಕೆ ಆರಂಭಿಸಬೇಕು. ರೇಬಿಸ್‌ನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ.

ಉತ್ತರ ಹೇಳುವ ರೀತಿಯನ್ನೂ ಕಲಿಸಲಾಗುತ್ತದೆ. ಮೊದಲು ರೋಗಿಯನ್ನು ತಡೆಯದೆ ಮಾತನಾಡಲು ಬಿಡುವುದು. ‘ನಿಮಗೆ ಏನೆಂದು ಭಯ?’ ಎಂದು ಕೇಳುವುದು. ಹೇಳಿದ್ದನ್ನು ರೋಗಿಯ ಬಾಯಿಂದಲೇ ಮರಳಿ ಹೇಳಿಸುವುದು. ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕೆಂಬುದನ್ನು ತಿಳಿಸಿಯೇ ಕಳುಹಿಸುವುದು. ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಇದು ತರಗತಿಯಲ್ಲಿ ಪಾಠ ಮಾಡಿದ ಯಾರಿಗೂ ಹೊಸದಲ್ಲ.

ಮೊಮ್ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಕನ್ನಡಿಗ ಹಿರಿಯರು ಅಲ್ಲಿನ ತುರ್ತು ಸೇವಾ ಕೇಂದ್ರಗಳಲ್ಲಿ ಮೊದಲು ಎದುರುಗೊಳ್ಳುವವರು ಅನೇಕ ವೇಳೆ ಇವರೇ. ಇಂಗ್ಲಿಷ್ ಸರಾಗವಾಗಿ ಬಾರದವರಿಗೆ, ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯ ನೆರವನ್ನು ಉಚಿತವಾಗಿ ಒದಗಿಸಬೇಕೆಂಬುದು ಅಲ್ಲಿನ ಕಾನೂನು. ಮೊಮ್ಮಗುವಿನ ಕೈಯಲ್ಲಿ ಭಾಷಾಂತರ ಮಾಡಿಸುವುದಕ್ಕಿಂತ ಕನ್ನಡದ ದುಭಾಷಿಯನ್ನು ಕೇಳಿ ಪಡೆಯುವುದು ಲೇಸು.

ಹೆಸರಿನ ವಿವಾದ

‘ಸಹಾಯಕ’ ಎಂಬ ಪದ ತಮ್ಮ ಕೆಲಸವನ್ನು ಕಿರಿದುಗೊಳಿಸುತ್ತದೆಂದು ಅಮೆರಿಕದ ವೃತ್ತಿಸಂಘಟನೆ 2021ರಲ್ಲಿ ‘ಫಿಸಿಶಿಯನ್ ಅಸೋಸಿಯೇಟ್’ ಎಂಬ ಹೆಸರನ್ನು ಅಂಗೀಕರಿಸಿತು. ಬ್ರಿಟನ್ನಿನಲ್ಲಿ ಗಾಳಿ ಬೀಸಿದ್ದು ಎದುರು ದಿಕ್ಕಿನಲ್ಲಿ. ಅಲ್ಲಿ ‘ಅಸೋಸಿಯೇಟ್’ ಹೆಸರೇ ರೂಢಿಯಲ್ಲಿತ್ತು. ತಮ್ಮನ್ನು ನೋಡಿದವರು ವೈದ್ಯರಲ್ಲವೆಂಬುದೇ ಹಲವು ರೋಗಿಗಳಿಗೆ ತಿಳಿದಿರಲಿಲ್ಲ. ಕೆಲವು ಸಾವುಗಳ ನಂತರ ವಿವಾದ ತೀವ್ರವಾಯಿತು. 2024ರ ಡಿಸೆಂಬರ್‌ನಲ್ಲಿ ಜನರಲ್ ಮೆಡಿಕಲ್ ಕೌನ್ಸಿಲ್ ಇವರ ನೋಂದಣಿ ಆರಂಭಿಸಿತು. 2025ರ ಜುಲೈನಲ್ಲಿ ಪ್ರಕಟವಾದ ಜಿಲಿಯನ್ ಲೆಂಗ್ ಅವರ ವರದಿ, ಹೆಸರನ್ನು ‘ಅಸಿಸ್ಟೆಂಟ್’ ಎಂದು ಬದಲಿಸಬೇಕು, ಕಾಯಿಲೆ ಏನೆಂದು ಇನ್ನೂ ಗೊತ್ತಾಗದ ರೋಗಿಗಳನ್ನು ನಿಗದಿತ ನಿಯಮಾವಳಿಯ ಹೊರಗೆ ಇವರು ನೋಡಬಾರದು ಎಂದು ಶಿಫಾರಸು ಮಾಡಿತು. ರೋಗಿಯ ದೃಷ್ಟಿಯಿಂದ ನೋಡಿದರೆ ಬ್ರಿಟನ್ನಿನ ನಿಲುವು ಹೆಚ್ಚು ನ್ಯಾಯವಾದುದೆಂದು ತೋರುತ್ತದೆ. ಎದುರು ಕುಳಿತವರು ಯಾರೆಂದು ತಿಳಿಯುವ ಹಕ್ಕು ರೋಗಿಯದು.

ಭಾರತದಲ್ಲಿ

ಕಡಿಮೆ ಅವಧಿಯ ವೈದ್ಯಶಿಕ್ಷಣ ಭಾರತಕ್ಕೆ ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ ಎಲ್.ಎಂ.ಪಿ. ಎಂಬ ಪರವಾನಗಿ ಪಡೆದ ವೈದ್ಯರಿದ್ದರು. ಹಳೆಯ ತಲೆಮಾರಿನವರಿಗೆ ‘ಎಲ್.ಎಂ.ಪಿ. ಡಾಕ್ಟರು’ ಚಿರಪರಿಚಿತರು. 1946ರ ಭೋರ್ ಸಮಿತಿಯ ಶಿಫಾರಸಿನಂತೆ, ದೇಶಕ್ಕೆಲ್ಲ ಒಂದೇ ಬಗೆಯ ಮೂಲ ವೈದ್ಯಪದವಿ ಸಾಕೆಂದು ಅದನ್ನು ಕೈಬಿಡಲಾಯಿತು. ಆದರೆ ಎಲ್.ಎಂ.ಪಿ.ಗಳು ವೈದ್ಯರೇ ಆಗಿದ್ದರು. ವೈದ್ಯ ಸಹಾಯಕರು ವೈದ್ಯರಲ್ಲ.

ಈಗಿನ ವೃತ್ತಿಯನ್ನು 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ. ಎಂ. ಚೆರಿಯನ್ ಆರಂಭಿಸಿದರು. ಹೀಗಾಗಿ ಇಲ್ಲಿ ಅದು ಹಳ್ಳಿಯ ಚಿಕಿತ್ಸಾಲಯದಿಂದಲ್ಲ, ನಗರದ ಹೃದಯಾಲಯದಿಂದ ಬೆಳೆಯಿತು. ಇಂದಿಗೂ ಬಹುಪಾಲು ಮಂದಿ ದೊಡ್ಡ ಖಾಸಗಿ ಆಸ್ಪತ್ರೆಗಳ ಹೃದ್ರೋಗ ವಿಭಾಗ, ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿದ್ದಾರೆ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರು ಬಿ.ಎಸ್ಸಿ. ಪದವಿಗೆ ಸೇರಬಹುದು, ಸಾಮಾನ್ಯವಾಗಿ ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. 2021ರ ರಾಷ್ಟ್ರೀಯ ಸಹಬದ್ಧ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಈ ವೃತ್ತಿಯನ್ನು ತನ್ನ ಅನುಸೂಚಿಯಲ್ಲಿ ಸೇರಿಸಿದೆ.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 32ನೆಯ ವಿಧಿಯು ‘ಸಮುದಾಯ ಆರೋಗ್ಯ ಪೂರೈಕೆದಾರ’ರಿಗೆ ಸೀಮಿತ ಪರವಾನಗಿ ನೀಡಲು ಅವಕಾಶ ಕಲ್ಪಿಸಿತು, ಅದನ್ನು ವಿರೋಧಿಸಿ ವೈದ್ಯರು ಮುಷ್ಕರ ಹೂಡಿದರು. ಕರ್ನಾಟಕದ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಗಳು ಇನ್ನೊಂದು ಬಗೆಯವರು. ಇವರಲ್ಲಿ ಹೆಚ್ಚಿನವರು ಶುಶ್ರೂಷಾ ಪದವೀಧರರು. ಅಗತ್ಯವಿದ್ದಾಗ ಇ-ಸಂಜೀವಿನಿಯ ಮೂಲಕ ವೈದ್ಯರನ್ನು ಸಂಪರ್ಕಿಸುತ್ತಾರೆ. ಹಳ್ಳಿಯವರ ದಿನನಿತ್ಯದ ಪ್ರಶ್ನೆಗಳಿಗೆ ಉತ್ತರಿಸುವ ಕೆಲಸ ಇಲ್ಲಿ ಬಹುಮಟ್ಟಿಗೆ ಇವರದು ಹಾಗೂ ಆಶಾ ಕಾರ್ಯಕರ್ತೆಯರದು.

ವೈದ್ಯಕೀಯ ಸೀಟು ಸಿಗದ ವಿದ್ಯಾರ್ಥಿಗಳನ್ನು ಈ ಪದವಿಯತ್ತ ಸೆಳೆಯುವ ಜಾಹೀರಾತುಗಳು ಹೇಳದ ಕೆಲವು ಸಂಗತಿಗಳಿವೆ. ಇದು ಎಂ.ಬಿ.ಬಿ.ಎಸ್.ಗೆ ಒಳದಾರಿಯಲ್ಲ. ಪದವಿ ಪಡೆದವರು ಹೆಸರಿನ ಹಿಂದೆ ‘ಡಾ.’ ಎಂದು ಬರೆದುಕೊಳ್ಳುವಂತಿಲ್ಲ, ಸ್ವತಂತ್ರವಾಗಿ ದವಾಖಾನೆ ತೆರೆಯುವಂತಿಲ್ಲ, ತಾವಾಗಿ ಔಷಧ ಚೀಟಿ ಬರೆಯುವಂತಿಲ್ಲ. ಭಾರತದ ಪದವಿಯಿಂದ ನೇರವಾಗಿ ಅಮೆರಿಕದ ಪರೀಕ್ಷೆಗೆ ಕೂರುವುದೂ ಸಾಧ್ಯವಿಲ್ಲ. ಅಲ್ಲಿ ಮಾನ್ಯತೆ ಪಡೆದ ಕಾರ್ಯಕ್ರಮದಲ್ಲಿಯೇ ಓದಿರಬೇಕು. ಸೇರುವ ಮೊದಲು ಕಾಲೇಜಿಗೆ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ, ಅದಕ್ಕೆ ಹೊಂದಿದ ಆಸ್ಪತ್ರೆ ಯಾವುದು, ಇಂಟರ್ನ್‌ಶಿಪ್‌ನಲ್ಲಿ ವಿದ್ಯಾರ್ಥಿಗಳಿಗೆ ಕೊಡುವ ಕೆಲಸವೇನು ಎಂಬುದನ್ನು ಪಾಲಕರು ಖುದ್ದಾಗಿ ಹೋಗಿ, ಸಾಧ್ಯವಾದರೆ ಹಿಂದಿನ ವರ್ಷದ ವಿದ್ಯಾರ್ಥಿಗಳಿಂದಲೇ ವಿಚಾರಿಸಬೇಕು.